ಬೆನ್ನಿಗೆ ಬಂದ ಗಾಳಿ

ಹಾಯಿದೋಣಿಯ ಪಂದ್ಯದಲ್ಲಿ ಗಾಳಿಗೆ ಎದುರಾಗಿ ಏರುವ ಹಾದಿ ಮುಗಿಯುತ್ತದೆ. ದೋಣಿ ಮೇಲಿನ ತೇಲುಬುರುಡೆಯನ್ನು ಸುತ್ತಿ ಗಾಳಿಯ ಜೊತೆಯಲ್ಲೇ ಇಳಿಯಲು ತಿರುಗುತ್ತದೆ. ತಿರುಗಿದ ಕ್ಷಣ ಎಲ್ಲವೂ ತಣ್ಣಗಾಗುತ್ತದೆ. ಅಲ್ಲಿಯವರೆಗೆ ಮುಖಕ್ಕೆ ರಾಚುತ್ತಿದ್ದ ನೀರು ಇಲ್ಲ, ಕಿವಿಯಲ್ಲಿ ಮೊರೆತ ಇಲ್ಲ, ತೊಡೆ ನಡುಗುವಂತೆ ದೋಣಿಯಾಚೆ ಮೈಚಾಚಿ ನೇತಾಡುವ ಕಷ್ಟವೂ ಇಲ್ಲ. ಟಿ.ವಿ.ಯಲ್ಲಿ ನೋಡುವವರಿಗೆ ಇದು ಆಟಗಾರ ಸುಧಾರಿಸಿಕೊಳ್ಳುವ ಹೊತ್ತು. ಹೊಸದಾಗಿ ಕಲಿಯುವವರಿಗೂ ಹಾಗೇ ಅನಿಸುತ್ತದೆ. ಎದುರುಗಾಳಿಯಲ್ಲೂ ದೋಣಿ ಮಗುಚುವುದುಂಟು, ಆದರೆ ಅಲ್ಲಿ ಅದು ಮೊದಲೇ ಹೇಳಿ ಮಗುಚುತ್ತದೆ. ವಾಲುತ್ತದೆ, ಇನ್ನಷ್ಟು ವಾಲುತ್ತದೆ, ಹಗ್ಗ ಸಡಿಲಿಸಿದರೆ ಎದ್ದು ನಿಲ್ಲುತ್ತದೆ. ಬೆನ್ನಿಗೆ ಬಂದ ಜೋರು ಗಾಳಿಯಲ್ಲಿ ಹಾಗಲ್ಲ. ಎರಡು ಸಲ ತೂಗಿ, ಮೂರನೆಯ ಸಲಕ್ಕೆ ಕೂತವನ ತಲೆಯ ಮೇಲೇ ಬಂದು ಬೀಳುತ್ತದೆ.

ಆ ತಣ್ಣನೆಯ ಅನುಭವ ಮೋಸ ಎನ್ನಲು ದೊಡ್ಡ ಗಣಿತ ಬೇಡ. ಗಾಳಿಯ ವೇಗ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಅದಕ್ಕೆ ಓರೆಯಾಗಿ ಎದುರು ಸಾಗುವ ದೋಣಿ 5 ನಾಟ್ ವೇಗದಲ್ಲಿದ್ದರೆ, ದೋಣಿಯಲ್ಲಿ ಕೂತವನಿಗೆ ತಾಗುವುದು 24 ನಾಟ್ ಗಾಳಿ. ಅದೇ ದೋಣಿ ತಿರುಗಿ ಗಾಳಿಯ ಜೊತೆ 10 ನಾಟ್‌ನಲ್ಲಿ ಓಡಿದರೆ ತಾಗುವುದು ಬರೀ 10. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಇವೆರಡರ ನಡುವೆ ಹೆಚ್ಚುಕಡಿಮೆ ಆರು ಪಟ್ಟು ವ್ಯತ್ಯಾಸ. ಕೆರೆಯ ಮೇಲಿನ ಗಾಳಿ ಒಂದು ಚೂರೂ ಬದಲಾಗಿಲ್ಲ. ನಾವು ಅದರಿಂದ ಓಡಿಹೋಗುತ್ತಿದ್ದೇವೆ, ಅಷ್ಟೆ.

ಓಟ ನಿಂತರೆ? ಏಳು ಚದರ ಮೀಟರಿನ ಹಾಯಿಯ ಮೇಲೆ ಬೆನ್ನಿಂದ ಬೀಳುವ 10 ನಾಟ್ ಗಾಳಿ ತಳ್ಳುವುದು ಅಂದಾಜು 14 ಕಿಲೋ ತೂಕದಷ್ಟು ಬಲದಿಂದ. ದೋಣಿಯ ಮೂತಿ ಮುಂದಿನ ಅಲೆಗೆ ನಾಟಿಕೊಂಡು ವೇಗ 4 ನಾಟ್‌ಗೆ ಇಳಿಯಿತೆನ್ನಿ. ಹಾಯಿಗೆ ತಾಗುವ ಗಾಳಿ ಆ ಕ್ಷಣವೇ 16 ನಾಟ್, ಬಲ 35 ಕಿಲೋ. ಪೂರ್ತಿ ನಿಂತರೆ 55 ಕಿಲೋ. ಹೊರಗಿನ ಗಾಳಿ ಏರಿಲ್ಲ, ಬೀಸು ಬಂದಿಲ್ಲ. ದೋಣಿ ನಿಧಾನವಾಯಿತು ಎಂಬ ಒಂದೇ ಕಾರಣಕ್ಕೆ ಹೊಡೆತ ನಾಲ್ಕು ಪಟ್ಟು. ಜೋರು ಗಾಳಿಯಲ್ಲಿ ಇಳಿಯುವವನಿಗೆ ವೇಗವೇ ರಕ್ಷಣೆ ಎಂದು ಹಳಬರು ಹೇಳುವುದು ಇದಕ್ಕೇ. ಹೆದರಿ ಓಟವನ್ನು ಮುರಿದವನು ಗಾಳಿಯನ್ನು ತಾನೇ ಕರೆದು ಹೆಗಲ ಮೇಲೆ ಕೂರಿಸಿಕೊಂಡಂತೆ.

ಈ ಪಾಠವನ್ನು ಜಗತ್ತಿಗೆಲ್ಲ ನೀರು ಕುಡಿಸಿ ಕಲಿಸಿದ ದೋಣಿಯೊಂದಿದೆ: ಲೇಸರ್. ಈಗ ಅದರ ಅಧಿಕೃತ ಹೆಸರು ಇಲ್ಕಾ. 1969ರಲ್ಲಿ ಕೆನಡಾದ ಬ್ರೂಸ್ ಕರ್ಬಿ, ಗೆಳೆಯ ಇಯಾನ್ ಬ್ರೂಸ್ ಜೊತೆ ಫೋನಿನಲ್ಲಿ ಮಾತಾಡುತ್ತಲೇ ಗೀಚಿದ ನಕ್ಷೆಯಿಂದ ಹುಟ್ಟಿದ್ದು. ಈವರೆಗೆ ಎರಡು ಲಕ್ಷಕ್ಕೂ ಹೆಚ್ಚು ತಯಾರಾಗಿವೆ. 1996ರ ಅಟ್ಲಾಂಟಾ ಕ್ರೀಡಾಕೂಟದಿಂದ ಒಲಿಂಪಿಕ್ಸ್‌ನಲ್ಲಿದೆ. ಮಹಿಳೆಯರ ಸ್ಪರ್ಧೆಗೆ ಸ್ವಲ್ಪ ಚಿಕ್ಕ ಹಾಯಿಯ ರೂಪ 2008ರ ಬೀಜಿಂಗ್‌ನಲ್ಲಿ ಬಂತು. ಉದ್ದ ನಾಲ್ಕು ಮೀಟರಿಗಿಂತ ಚೂರು ಹೆಚ್ಚು, ಅಗಲ ಒಂದೂವರೆ ಮೀಟರಿಗೂ ಕಡಿಮೆ, ಒಡಲಿನ ತೂಕ ಸುಮಾರು 59 ಕಿಲೋ. ಅಂದರೆ ಪಂದ್ಯಕ್ಕಿಳಿಯುವ ಗಂಡಸರಲ್ಲಿ ಹೆಚ್ಚಿನವರು ತಾವು ಕೂತ ದೋಣಿಗಿಂತ ಭಾರ. ತಳದಲ್ಲಿ ಸೀಸದ ಗುಂಡಿಲ್ಲ, ಹಾಯಿಕಂಬವನ್ನು ಬಿಗಿದು ನಿಲ್ಲಿಸುವ ತಂತಿಗಳೂ ಇಲ್ಲ. ಸಮತೋಲ ಎನ್ನುವುದೇನಿದ್ದರೂ ಕೂತವನ ಮೈಯಲ್ಲಿ, ಎರಡು ಕೈಗಳಲ್ಲಿ.

ಒಂದು ಕೈಯಲ್ಲಿ ಟಿಲ್ಲರ್, ಅಂದರೆ ಚುಕ್ಕಾಣಿಯ ಹಿಡಿಕೋಲು. ಇನ್ನೊಂದರಲ್ಲಿ ಮೇನ್‌ಶೀಟ್ ಎಂಬ ಹಗ್ಗ. ಹಾಯಿಯ ಕೆಳ ಅಂಚನ್ನು ಹಿಡಿದಿರುವ ಬೂಮ್ ಎಂಬ ಅಡ್ಡಗೊಳವೆ ಎಷ್ಟು ಹೊರಗೆ ಚಾಚಬೇಕು ಎಂಬುದು ಇದರ ಕೈಲಿದೆ. ಗಾಳಿ ಬೆನ್ನಿಗಿರುವಾಗ ಬೂಮನ್ನು ದೋಣಿಗೆ ಅಡ್ಡಲಾಗಿ ಒಂದು ಮಗ್ಗುಲಿಗೆ ಪೂರ್ತಿ ಬಿಡುತ್ತಾರೆ. ನಾವಿಕ ಎದುರು ಮಗ್ಗುಲಲ್ಲಿ ಕೂರುತ್ತಾನೆ. ಮುಂದಿನ ವಿವರಣೆಗೆ ಈ ಎರಡು ಮಗ್ಗುಲುಗಳು ನೆನಪಿದ್ದರೆ ಸಾಕು: ಹಾಯಿಯ ಮಗ್ಗುಲು, ನಾವಿಕನ ಮಗ್ಗುಲು.

ಸಾಮಾನ್ಯ ಬುದ್ಧಿಗೆ ಗಾಳಿ ದೋಣಿಯನ್ನು ಹಾಯಿಯ ಮಗ್ಗುಲಿಗೇ ಕೆಡವಬೇಕು. ಎದುರುಗಾಳಿಯಲ್ಲಿ ಆಗುವುದೂ ಅದೇ. ಬೆನ್ನುಗಾಳಿಯಲ್ಲಿ ಮಾತ್ರ ದೋಣಿ ಉಲ್ಟಾ ಬೀಳುತ್ತದೆ, ನಾವಿಕನ ಮಗ್ಗುಲಿಗೆ, ಅವನನ್ನು ಅಡಿಗೆ ಹಾಕಿಕೊಂಡು. ಜಗತ್ತಿನ ಎಲ್ಲ ಕ್ಲಬ್ಬುಗಳಲ್ಲೂ ಇದಕ್ಕೆ ಡೆತ್ ರೋಲ್ ಎಂದೇ ಹೆಸರು. ಹೆಸರು ಅತಿಯಾಯಿತು, ಸಾಮಾನ್ಯವಾಗಿ ಯಾರೂ ಸಾಯುವುದಿಲ್ಲ. ಆದರೆ ಒಮ್ಮೆ ಬಿದ್ದವರು ಹೆಸರು ಬದಲಿಸಲು ಹೋಗುವುದಿಲ್ಲ.

ಕಾರಣ ಹಾಯಿಯ ತಲೆಯಲ್ಲಿದೆ. ಹಾಯಿ ಹಲಗೆಯಲ್ಲ, ಬಟ್ಟೆ. ಬೂಮ್ ಅಡ್ಡಲಾಗಿ ನಿಂತಿದ್ದರೂ ಗಾಳಿಯ ಒತ್ತಡಕ್ಕೆ ಅದರ ತುದಿ ಮೇಲೇಳುತ್ತದೆ, ಹಾಯಿಯ ಹಿಂದಂಚು ಸಡಿಲವಾಗುತ್ತದೆ, ಮೇಲಿನ ಭಾಗ ತಿರುಚಿಕೊಂಡು ಮುಂದಕ್ಕೆ ಬಾಗುತ್ತದೆ. ಕೆಳಗಿನ ಹಾಯಿ ದೋಣಿಗೆ ಲಂಬವಾಗಿದ್ದರೆ ಮೇಲಿನದು ಲಂಬವನ್ನೂ ದಾಟಿ ಮೂತಿಯ ಕಡೆ ತಿರುಗಿರುತ್ತದೆ. ಅಲ್ಲಿ ಹುಟ್ಟುವ ಬಲ ನೇರ ಮುಂದಕ್ಕಿರುವುದಿಲ್ಲ. ಮುಂದಕ್ಕೂ ನಾವಿಕನ ಮಗ್ಗುಲಿಗೂ ಹಂಚಿಹೋಗುತ್ತದೆ. ಇದು ನಡೆಯುವುದು ನೀರಿನಿಂದ ಐದಾರು ಮೀಟರ್ ಎತ್ತರದಲ್ಲಿ. ಸನ್ನೆಗೋಲು ಅಷ್ಟು ಉದ್ದವಿದ್ದರೆ ಸಣ್ಣ ತಳ್ಳು ಸಾಕು, ಕಂಬ ನಾವಿಕನ ಕಡೆ ವಾಲಲು. ಆ ಕಡೆ ಮೊದಲೇ ಎಂಬತ್ತು ಕಿಲೋದ ಮನುಷ್ಯ ಕೂತಿದ್ದಾನೆ. ಅವನ ತೂಕ ಈಗ ಕಾಪಾಡುವ ಬದಲು ಕೆಡಹುವ ಪಕ್ಷಕ್ಕೆ ಸೇರಿಕೊಂಡಿತು.

ಇಷ್ಟಕ್ಕೇ ಮುಗಿದಿದ್ದರೆ ದೋಣಿ ಒಂದೇ ಸಲ ಬೀಳಬೇಕಿತ್ತು. ಅದು ಮೊದಲು ತೂಗಾಡುವುದೇಕೆ? ಅಲೆಗಳಿಂದ ಎಂದು ಬಹಳ ಕಾಲ ಜನ ನಂಬಿದ್ದರು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಹಾಯಿಗಳ ಮೇಲೆ ದೀರ್ಘಕಾಲ ಕೆಲಸ ಮಾಡಿದ ಪೋಲೆಂಡ್ ಮೂಲದ ವಿಜ್ಞಾನಿ ಮಾರ್ಹೈ, ಒಲಿಂಪಿಕ್ಸ್‌ನ ಹಳೆಯ ಒಂಟಿ ದೋಣಿ ಫಿನ್‌ನ ಮಾದರಿಯನ್ನು ಗಾಳಿಸುರಂಗದಲ್ಲಿಟ್ಟು ನೋಡಿದರು. ಅಲ್ಲಿ ಅಲೆಯಿಲ್ಲ, ಗಾಳಿಯಲ್ಲಿ ಬೀಸು ಇಲ್ಲ. ಆದರೂ ಹಾಯಿಯನ್ನು ಅಡ್ಡ ಬಿಟ್ಟಾಗ ಮಾದರಿ ತಾನಾಗಿಯೇ ಎಡಬಲ ತೂಗತೊಡಗಿತು, ತೂಗು ಬೆಳೆಯುತ್ತಲೂ ಹೋಯಿತು. ಹಾಯಿಯನ್ನು ಒಳಗೆಳೆದಾಗ, ತಿರುಚು ಕಡಿಮೆ ಮಾಡಿದಾಗ ಶಾಂತವಾಯಿತು. ಅಡ್ಡ ನಿಂತ ಹಾಯಿಯ ಎರಡೂ ಅಂಚುಗಳಿಂದ ಗಾಳಿ ಸುಳಿಸುಳಿಯಾಗಿ ಕಳಚಿಕೊಳ್ಳುತ್ತದೆ, ಒಮ್ಮೆ ಈ ಅಂಚಿನಿಂದ, ಒಮ್ಮೆ ಆ ಅಂಚಿನಿಂದ. ಅದಕ್ಕೆ ತಕ್ಕಂತೆ ಬಲವೂ ಅತ್ತಿತ್ತ ಹೊಯ್ದಾಡುತ್ತದೆ. ಜೊತೆಗೆ ದೋಣಿ ವಾಲುವಾಗ ಕಂಬದ ತುದಿ ವೇಗವಾಗಿ ಚಲಿಸುವುದರಿಂದ ಅಲ್ಲಿನ ಹಾಯಿಗೆ ಗಾಳಿ ತಾಗುವ ಕೋನವೇ ಬದಲಾಗಿ, ವಾಲುವ ದಿಕ್ಕಿಗೇ ಇನ್ನೊಂದು ನೂಕು ಸಿಗುತ್ತದೆ. ತೂಗಾಟಕ್ಕೆ ಬೇಕಾದ ಶಕ್ತಿಯನ್ನು ದೋಣಿ ಗಾಳಿಯಿಂದ ತಾನೇ ಹೀರಿಕೊಳ್ಳುತ್ತಿದೆ ಎಂದಾಯಿತು. ಹೀಗೆ ಬೆಳೆಯುವ ತೂಗಾಟ ತಾನಾಗಿ ತಣಿಯಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಕಾಯದೆ ಏನು ಮಾಡಬೇಕು? ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಕುತೂಹಲದ ಭಾಗ ಇದೇ, ಏಕೆಂದರೆ ಹೆದರಿದ ಮನುಷ್ಯನ ಎರಡೂ ಕೈ ಇಲ್ಲಿ ತಪ್ಪನ್ನೇ ಮಾಡುತ್ತವೆ. ದೋಣಿ ತನ್ನ ಮೇಲೆ ವಾಲುತ್ತಿದೆ ಎಂದು ಕಂಡಾಗ ನಾವಿಕ ಹಗ್ಗವನ್ನು ಬಿಡುತ್ತಾನೆ. ಎದುರುಗಾಳಿಯಲ್ಲಿ ಕಲಿತ ಪಾಠ ಅದು, ಅಲ್ಲಿ ಸರಿಯೂ ಹೌದು. ಇಲ್ಲಿ ಹಗ್ಗ ಬಿಟ್ಟರೆ ಬೂಮ್ ಇನ್ನೂ ಮುಂದಕ್ಕೆ ಹೋಗಿ, ಹಾಯಿಯ ತಲೆ ಇನ್ನಷ್ಟು ತಿರುಚಿ, ಬೀಳಿಸುವ ಬಲ ಹೆಚ್ಚುತ್ತದೆ. ಅದೇ ಹೊತ್ತಿಗೆ ಹಿಂದಕ್ಕೆ ಜಾರುತ್ತಿರುವ ಮೈ ಆಧಾರಕ್ಕೆಂದು ಟಿಲ್ಲರನ್ನು ಜೊತೆಯಲ್ಲೇ ಎಳೆದುಕೊಳ್ಳುತ್ತದೆ. ಟಿಲ್ಲರ್ ನಾವಿಕನ ಕಡೆ ಬಂದರೆ ದೋಣಿ ಹಾಯಿಯ ಮಗ್ಗುಲಿಗೆ ತಿರುಗುತ್ತದೆ. ತಿರುವಿನಲ್ಲಿ ಬಸ್ಸು ಪ್ರಯಾಣಿಕರನ್ನು ಆಚೆ ಎಸೆಯುವ ಬಲವೇ ಕಂಬವನ್ನು ನಾವಿಕನ ಮೇಲೆ ಎಸೆಯುತ್ತದೆ. ಅರ್ಧ ಸೆಕೆಂಡಿನಲ್ಲಿ ಎರಡು ತಪ್ಪು. ಮೂರನೆಯದಕ್ಕೆ ಸಮಯ ಉಳಿಯುವುದಿಲ್ಲ.

ಸರಿಯಾದದ್ದು ಎರಡರಲ್ಲೂ ತದ್ವಿರುದ್ಧ. ಹಗ್ಗವನ್ನು ಗಬಕ್ಕನೆ ಎಳೆಯಬೇಕು, ತೋಳಿನ ಉದ್ದಕ್ಕೆ ಒಂದೆಳೆತ ಸಾಕು. ಟಿಲ್ಲರನ್ನು ಮೆಲ್ಲಗೆ ಆಚೆ ತಳ್ಳಿ ದೋಣಿಯನ್ನು ತನ್ನ ಮಗ್ಗುಲಿಗೆ, ಅಂದರೆ ಬೀಳುತ್ತಿರುವ ಕಡೆಗೇ ತಿರುಗಿಸಬೇಕು. ಒಡಲು ಸರಿದು ಮತ್ತೆ ಕಂಬದ ಅಡಿಗೆ ಬರುತ್ತದೆ. ಹಾಯಿಯ ಮಗ್ಗುಲಿಗೆ ವಾಲಿದರೆ ಉಲ್ಟಾ: ಆ ಕಡೆಗೆ ಕೊಂಚ ತಿರುಗಿಸು, ಹಗ್ಗವನ್ನು ಕೊಂಚ ಬಿಡು. ಎರಡೂ ಸಂದರ್ಭದಲ್ಲಿ ‘ಕೊಂಚ’ ಎನ್ನುವುದೇ ಮುಖ್ಯ. ಟಿಲ್ಲರನ್ನು ದೊಡ್ಡದಾಗಿ ಜಗ್ಗಿದವನು ಈ ವಾಲುವಿಕೆಯನ್ನು ಸರಿಪಡಿಸಿ ಮುಂದಿನದನ್ನು ಇನ್ನೂ ದೊಡ್ಡದು ಮಾಡುತ್ತಾನೆ. ಒಳ್ಳೆಯ ನಾವಿಕರನ್ನು ದೂರದಿಂದ ನೋಡಿದರೆ ಅವರು ಏನೂ ಮಾಡುತ್ತಿಲ್ಲವೆನಿಸುತ್ತದೆ. ಹತ್ತಿರದಿಂದ ಕಂಡರೆ ಕೈಗೆ ಒಂದು ಕ್ಷಣವೂ ಬಿಡುವಿರುವುದಿಲ್ಲ.

ಇನ್ನು ವ್ಯಾಂಗ್. ಬೂಮಿನ ಅಡಿಯಿಂದ ಕಂಬದ ಬುಡಕ್ಕೆ ಬಿಗಿದ, ರಾಟೆಗಳಿರುವ ಈ ಹಗ್ಗದ ಕೆಲಸ ಬೂಮ್ ಮೇಲೇಳದಂತೆ ತಡೆಯುವುದು. ಹಾಯಿಯ ತಲೆ ತಿರುಚಿದರೆ ಅಪಾಯ ಎಂದ ಮೇಲೆ ವ್ಯಾಂಗನ್ನು ಪೂರ್ತಿ ಬಿಗಿದರಾಯಿತಲ್ಲ ಎನ್ನಬಹುದು. ಹಾಗೆ ಮಾಡಿದವರು ಇನ್ನೊಂದು ಮಗ್ಗುಲಿಗೆ ಬೀಳುತ್ತಾರೆ. ಬಿಗಿದ ಬೂಮ್ ತಗ್ಗಿನಲ್ಲಿರುತ್ತದೆ. ದೋಣಿ ಹಾಯಿಯ ಕಡೆ ಒಮ್ಮೆ ವಾಲಿದಾಗ ಅದರ ತುದಿ ನೀರಿಗೆ ಸಿಕ್ಕಿಕೊಳ್ಳುತ್ತದೆ, ನೀರು ಅದನ್ನು ಹಿಂದಕ್ಕೆಳೆದು ಹಾಯಿಯನ್ನು ಒಳಗೆ ತಳ್ಳುತ್ತದೆ, ಕೆಲಸ ಮುಗಿಯಿತು. ಸಾಧಾರಣ ಗಾಳಿಯಲ್ಲಿ ವೇಗಕ್ಕಾಗಿ ವ್ಯಾಂಗ್ ಸಡಿಲಿಸುವ ಪಂದ್ಯದವರ ಅಭ್ಯಾಸವನ್ನು ನೋಡಿ ಕಲಿತವರು ಜೋರು ಗಾಳಿಯಲ್ಲೂ ಹಾಗೇ ಮಾಡಿ ಡೆತ್ ರೋಲ್‌ಗೆ ಸಿಗುವುದು ಹೆಚ್ಚು. ಹಾಯಿಯ ಹಿಂದಂಚಿನ ಮೇಲ್ಭಾಗ ಗಾಳಿಗೆ ಉಸಿರಾಡುವಷ್ಟು ಮಾತ್ರ ಅಲುಗಬೇಕು, ಮುಂದಕ್ಕೆ ಮಗುಚಿಕೊಳ್ಳಬಾರದು, ಅಳತೆ ಅಷ್ಟೆ. ಇದರ ಜೊತೆಗೆ, ಬೂಮ್ ಅಡ್ಡಕ್ಕಿಂತ ಆಚೆ ಹೋಗದಂತೆ ಮೇನ್‌ಶೀಟಿಗೆ ಮೊದಲೇ ಗಂಟು ಹಾಕಿಡುವುದು ಹಳೆಯ ಉಪಾಯ. ತಂತಿಗಳಿಲ್ಲದ ಲೇಸರ್ ಕಂಬದಲ್ಲಿ ಬೂಮನ್ನು ತಡೆಯುವುದು ಬೇರೇನೂ ಇಲ್ಲ.

ಡ್ಯಾಗರ್‌ಬೋರ್ಡ್ ಬಗ್ಗೆ ಪುಸ್ತಕಗಳು ಹೇಳುವುದನ್ನು ಅರ್ಧ ಮಾತ್ರ ನಂಬಬೇಕು. ದೋಣಿಯ ನಡುವಿನ ಸೀಳಿನಿಂದ ನೀರಿಗಿಳಿಯುವ ಈ ಹಲಗೆ ಎದುರುಗಾಳಿಯಲ್ಲಿ ದೋಣಿ ಪಕ್ಕಕ್ಕೆ ಜಾರದಂತೆ ಹಿಡಿಯುತ್ತದೆ. ಬೆನ್ನುಗಾಳಿಯಲ್ಲಿ ಆ ಕೆಲಸವಿಲ್ಲ, ಆದ್ದರಿಂದ ಮೇಲೆಳೆದರೆ ನೀರಿನ ಎಳೆತ ಕಡಿಮೆಯಾಗಿ ವೇಗ ಬರುತ್ತದೆ ಎನ್ನುತ್ತವೆ. ನಿಜ. ಆದರೆ ತೂಗಾಟವನ್ನು ತಣಿಸುವುದೂ ನೀರಿನಲ್ಲಿರುವ ಅದೇ ಹಲಗೆ. ಪೂರ್ತಿ ಎತ್ತಿದರೆ ದೋಣಿ ಉರುಳೆಯಂತಾಗುತ್ತದೆ. ಪೂರ್ತಿ ಬಿಟ್ಟರೆ ಪಕ್ಕಕ್ಕೆ ಜಾರಿದಾಗ ಅದಕ್ಕೇ ಎಡವಿ ಬೀಳುತ್ತದೆ. ಜೋರು ಗಾಳಿಯಲ್ಲಿ ಮೂರರಲ್ಲೊಂದು ಪಾಲು ಎತ್ತಿದರೆ ಸಾಕು. ಅದಕ್ಕಿಂತ ಎತ್ತರಿಸಿದರೆ ಬೂಮ್ ಮಗ್ಗುಲು ಬದಲಿಸುವಾಗ ವ್ಯಾಂಗ್ ಹಲಗೆಯ ತಲೆಗೆ ತಗುಲಿ ಎಲ್ಲವೂ ನಡುವೆಯೇ ಸಿಕ್ಕಿಕೊಳ್ಳುವ ಭಯ ಬೇರೆ.

ಇಷ್ಟೆಲ್ಲ ಹೇಳಿದ ಮೇಲೂ ಹೊಸಬರಿಗೆ ಒಂದೇ ಮಾತು ಹೇಳಬೇಕಾದರೆ ನಾನು ಹೇಳುವುದು: ನೇರ ಗಾಳಿಯ ದಿಕ್ಕಿಗೆ ಹೋಗಬೇಡಿ. ಇಪ್ಪತ್ತು ಡಿಗ್ರಿ ಓರೆಯಾಗಿ ಇಳಿಯಿರಿ, ಸ್ವಲ್ಪ ದೂರ ಹೋಗಿ ಇನ್ನೊಂದು ಕಡೆಗೆ ಓರೆಯಾಗಿ. ದಾರಿ ಉದ್ದವಾಗುವುದು ಶೇಕಡ ಆರರಷ್ಟು ಮಾತ್ರ. ಅಷ್ಟಕ್ಕೇ ಗಾಳಿ ಹಾಯಿಯನ್ನು ಬರಿದೆ ತಳ್ಳುವುದನ್ನು ಬಿಟ್ಟು ಅದರ ಮೇಲೆ ಹರಿಯಲು ತೊಡಗುತ್ತದೆ, ಸುಳಿಗಳ ಹೊಯ್ದಾಟ ಅಡಗುತ್ತದೆ, ದೋಣಿ ಹಾಯಿಯ ಕಡೆ ತುಸು ಒರಗಿ ನಾವಿಕನ ತೂಕಕ್ಕೆ ಮತ್ತೆ ಕೆಲಸ ಸಿಗುತ್ತದೆ. ವೇಗ ಹೆಚ್ಚುವುದರಿಂದ ಆ ಆರು ಶೇಕಡವೂ ಎಷ್ಟೋ ಸಲ ಬಡ್ಡಿಸಮೇತ ವಾಪಸಾಗುತ್ತದೆ. ಒಲಿಂಪಿಕ್ಸ್‌ನ ಲೇಸರ್ ನಾವಿಕರೂ ನೇರ ಇಳಿಯುವುದು ಕಡಿಮೆ. ಒಮ್ಮೆ ಓರೆ, ಒಮ್ಮೆ ಗಾಳಿಯನ್ನು ಹಾಯಿಯ ಹಿಂದಂಚಿನಿಂದ ಒಳಹರಿಸುವ ಆಚೆಯ ಕೋನ, ಹೀಗೆ ಅಲೆಗೊಂದರಂತೆ ಬದಲಿಸುತ್ತಾರೆ. ಆ ಎರಡನೆಯದು ಬಲಿತವರ ವಿದ್ಯೆ. ಕೈ ತಪ್ಪಿದರೆ ಬೂಮ್ ಹೇಳದೆ ಕೇಳದೆ ತಲೆಯ ಮೇಲೆ ಹಾದುಹೋಗುತ್ತದೆ.

ಗಾಳಿಯ ಬೀಸುಗಳೂ ಇಲ್ಲಿ ಹಿಂದಿನಿಂದ ಬರುತ್ತವೆ. ಎದುರಿಗೆ ಬರುವ ಬೀಸು ನೀರನ್ನು ಕಪ್ಪಾಗಿಸುವುದು ಕಣ್ಣಿಗೆ ಬೀಳುತ್ತದೆ. ಬೆನ್ನಿನದಕ್ಕೆ ಆಗಾಗ ಹೊರಳಿ ನೋಡಬೇಕು. ಅದು 20 ನಾಟ್‌ನಲ್ಲಿ ಬರುತ್ತಿದ್ದು ದೋಣಿ 10ರಲ್ಲಿ ಓಡುತ್ತಿದ್ದರೆ, ನಿಂತ ದೋಣಿಯ ಮೇಲೆ ಹಾದುಹೋಗಲು ಬೇಕಾದ ಎರಡರಷ್ಟು ಹೊತ್ತು ನಮ್ಮ ಜೊತೆಗಿರುತ್ತದೆ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಜುಲೈ ತಿಂಗಳ ಮುಂಗಾರು ಗಾಳಿಗೆ ನಡೆಯುವ ಲೇಸರ್ ಪಂದ್ಯಗಳಲ್ಲಾಗಲಿ, ರಾಯಲ್ ಮೈಸೂರ್ ಸೈಲಿಂಗ್ ಕ್ಲಬ್ಬಿನ ದೋಣಿಗಳು ಓಡುವ ಕೃಷ್ಣರಾಜಸಾಗರದ ಹಿನ್ನೀರಿನಲ್ಲಾಗಲಿ, ಸಮುದ್ರದ ಉದ್ದಲೆಗಳಿಲ್ಲದಿದ್ದರೂ ದಡದ ಅಡೆತಡೆ ದಾಟಿ ಬರುವ ಇಂಥ ಬೀಸುಗಳಿಗೆ ಕೊರತೆಯಿಲ್ಲ. ಸಮುದ್ರದಲ್ಲಿ ಕಷ್ಟ ಬೇರೆ ಥರದ್ದು. ಅಲೆಯ ಬೆನ್ನೇರಿ ಜಾರುವ ದೋಣಿ ಹಿತವಾಗಿ ಓಡುತ್ತದೆ, ಮುಂದಿನ ಅಲೆಯ ಬೆನ್ನಿಗೆ ಮೂತಿ ಚುಚ್ಚುವವರೆಗೆ. ಆಗ ಏನಾಗುತ್ತದೆಂಬ ಲೆಕ್ಕ ಮೇಲೆಯೇ ಬಂತು. ಮೈಯನ್ನು ಹಿಂದಕ್ಕೆ ಸರಿಸಿ ಮೂತಿ ಎತ್ತಬೇಕು, ಅಲೆಯ ಇಳಿಜಾರನ್ನು ನೇರ ಇಳಿಯದೆ ಓರೆಯಾಗಿ ಇಳಿಯಬೇಕು.

ಕೊನೆಗೆ ಎಲ್ಲರೂ ಹೆದರುವ ಜೈಬ್, ಅಂದರೆ ಗಾಳಿ ಬೆನ್ನಿಗಿರುವಾಗಲೇ ಬೂಮನ್ನು ಒಂದು ಮಗ್ಗುಲಿಂದ ಇನ್ನೊಂದಕ್ಕೆ ದಾಟಿಸುವುದು. ಹೆದರಿದವರು ಬೀಸು ಬಂದು ದೋಣಿ ಓಡುತ್ತಿರುವಾಗ ಬೇಡವೆಂದು, ಓಟ ಇಳಿಯಲಿ ಎಂದು ಕಾಯುತ್ತಾರೆ. ಓಟ ಇಳಿದಾಗಲೇ ಹಾಯಿಯ ಮೇಲೆ ಭಾರ ಹೆಚ್ಚು! ಜೈಬ್ ಮಾಡಬೇಕಾದ್ದು ದೋಣಿ ಅತಿ ವೇಗದಲ್ಲಿರುವಾಗ, ಅಲೆಯಿಂದ ಜಾರುತ್ತಿರುವಾಗ. ಆಗ ಬೂಮ್ ಕೈಯಿಂದಲೇ ತಳ್ಳುವಷ್ಟು ಹಗುರ. ದಾಟುವಾಗ ಮೇನ್‌ಶೀಟಿಗೆ ಒಂದು ಜಗ್ಗು ಕೊಡದಿದ್ದರೆ ಸಡಿಲ ಹಗ್ಗ ಲೇಸರ್‌ನ ಹಿಂಬದಿಯ ಮೂಲೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಧೈರ್ಯ ಸಾಲದಿದ್ದರೆ ಜೈಬ್ ಬಿಟ್ಟು, ಗಾಳಿಯ ಎದುರಿಗೆ ಪೂರ್ತಿ ಸುತ್ತಿ ಬಂದು ಮಗ್ಗುಲು ಬದಲಿಸಬಹುದು. ಸ್ವಲ್ಪ ಸಮಯ ಹೋಗುತ್ತದೆ. ಮಗುಚಿದರೆ ಹೋಗುವ ಸಮಯದ ಮುಂದೆ ಅದು ಲೆಕ್ಕಕ್ಕಿಲ್ಲ.

ಇವೆಲ್ಲಕ್ಕೂ ಮೊದಲಿನ ತೀರ್ಮಾನ ದಡದಲ್ಲೇ ಆಗಿರುತ್ತದೆ. ಲೇಸರ್‌ನ ಒಂದೇ ಒಡಲಿಗೆ ಮೂರು ಹಾಯಿಗಳಿವೆ: 7.06, 5.76 ಮತ್ತು 4.7 ಚದರ ಮೀಟರ್. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಹೋದ ವಿಷ್ಣು ಶರವಣನ್ ದೊಡ್ಡ ಹಾಯಿಯವರು, ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ನಾವಿಕೆ ನೇತ್ರಾ ಕುಮನನ್ ಅವರದು ನಡುವಿನದು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮಧ್ಯಪ್ರದೇಶದ ಹುಡುಗಿ ನೇಹಾ ಠಾಕೂರ್ ಬೆಳ್ಳಿ ಗೆದ್ದದ್ದು ಚಿಕ್ಕ ಹಾಯಿಯಲ್ಲಿ. ದೇಹದ ತೂಕಕ್ಕೂ ಗಾಳಿಗೂ ತಕ್ಕ ಹಾಯಿ ಕಟ್ಟಲು ನಾಚಿಕೆ ಪಡುವವರು ನಮ್ಮ ಕ್ಲಬ್ಬುಗಳಲ್ಲಿ, ವಿಶೇಷವಾಗಿ ಗಂಡಸರಲ್ಲಿ, ಈಗಲೂ ಇದ್ದಾರೆ. ಚಿಕ್ಕ ಹಾಯಿ ಕೈಯಲ್ಲಿಲ್ಲದಾಗ ಇರುವುದನ್ನೇ ಕಂಬಕ್ಕೆ ಒಂದೆರಡು ಸುತ್ತು ಸುತ್ತಿ ಕಡಿಮೆ ಮಾಡಿಕೊಳ್ಳಬಹುದು. ಕಂಬವನ್ನು ಚೀಲದಂತೆ ತೊಟ್ಟಿರುವ ಹಾಯಿಯಾದ್ದರಿಂದ ಲೇಸರ್‌ನಲ್ಲಿ ಇದು ಸುಲಭ.

ಆದರೂ ಮಗುಚಿದರೆ ದೋಣಿಯನ್ನು ಬಿಟ್ಟು ಈಜಬಾರದು. ತೇಲುವ ಜಾಕೆಟ್ ಮೈಮೇಲಿರಬೇಕು, ಕೈ ದೋಣಿಯ ಮೇಲಿರಬೇಕು. ನಾವಿಕನ ಮಗ್ಗುಲಿಗೆ ಬಿದ್ದ ದೋಣಿಯ ಹಾಯಿ ಗಾಳಿ ಬರುವ ದಿಕ್ಕಿಗೆ ಚಾಚಿ ಬಿದ್ದಿರುತ್ತದೆ. ಹಾಗೇ ಎತ್ತಲು ಹೋದರೆ ಗಾಳಿ ಹಾಯಿಯ ಅಡಿಗೆ ನುಗ್ಗಿ, ದೋಣಿಯನ್ನು ಒಂದೇ ಏಟಿಗೆ ನಿಲ್ಲಿಸಿ, ಆ ಕಡೆಗೆ ಮಗುಚಿಹಾಕುತ್ತದೆ, ಎತ್ತಿದವನ ಮೇಲೆ. ಮೊದಲು ಮೇನ್‌ಶೀಟ್ ಮತ್ತು ವ್ಯಾಂಗ್ ಎರಡನ್ನೂ ಸಡಿಲಿಸಿ, ಮೂತಿಯ ಬಳಿಗೆ ಈಜಿ ಅದನ್ನು ಹಿಡಿದುಕೊಂಡರೆ ದೋಣಿ ತಾನಾಗಿ ಗಾಳಿಗೆ ಮುಖಮಾಡಿ ತಿರುಗುತ್ತದೆ. ಆಮೇಲೆ ಡ್ಯಾಗರ್‌ಬೋರ್ಡ್ ಪೂರ್ತಿ ಕೆಳಗಿಳಿದಿದೆಯೇ ನೋಡಿ, ಅದರ ಬುಡಕ್ಕೆ ಕಾಲಿಟ್ಟು ಹಿಂದಕ್ಕೆ ವಾಲಬೇಕು. ತುದಿಗೆ ಕಾಲಿಟ್ಟರೆ ಹಲಗೆ ಮುರಿಯುತ್ತದೆ.